ಹಾಸನದ ಮಕ್ಕಳಿಗೆ ಕಡಲು ತೋರಿಸುವುದು ಹೇಗೆ

ಹಾಸನದ ಶಾಲೆಗಳು ಮಂಗಳೂರು ಪ್ರವಾಸಕ್ಕೆ ಮೊದಲು ಬಸ್ಸು ಗೊತ್ತುಮಾಡಿ, ಉಳಿದದ್ದನ್ನು ಆಮೇಲೆ ಹೊಂದಿಸುವುದೇ ಹೆಚ್ಚು. ಮೊದಲು ಪಂಚಾಂಗ ತೆಗೆಯಿರಿ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ನೀರು ಚೆನ್ನಾಗಿ ಇಳಿದು ಬಂಡೆಗಳು ಬಯಲಾಗುತ್ತವೆ. ಅಷ್ಟಮಿ-ನವಮಿ ಹೊತ್ತಿಗೆ ಹೋದರೆ ಮಕ್ಕಳಿಗೆ ಅಲೆ ಬಿಟ್ಟು ಬೇರೇನೂ ಕಾಣದು. ಇಳಿತದ, ಅಂದರೆ ನೀರು ಪೂರ್ತಿ ಇಳಿಯುವ, ನಿಖರ ವೇಳೆಗೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸಂಸ್ಥೆ ಇಂಕಾಯ್ಸ್‌ (INCOIS) ಜಾಲತಾಣ ನೋಡಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಪ್ರವಾಸ ಎರಡು ದಿನ ಮುಂದಕ್ಕೆ ಹೋದರೆ ವೇಳಾಪಟ್ಟಿಯನ್ನೂ ತಿದ್ದಬೇಕು. ಸೋಮವಾರ ಬೇಡ, ಮಂಗಳೂರಿನ ಬಿಜೈ ಮ್ಯೂಸಿಯಂಗೆ ರಜೆ. ಮಳೆಗಾಲವಂತೂ ಬೇಡವೇ ಬೇಡ: ಕಡಲು ಒರಟು, ದೋಣಿಗಾಲ್ ಬಳಿ ಗುಡ್ಡ ಕುಸಿದರೆ ಶಿರಾಡಿ ಘಾಟಿ ಬಂದ್.

ಹೊರಡುವ ವಾರ ಮಾರ್ಕೆಟ್ಟಿನಿಂದ ಐದು ಮಕ್ಕಳಿಗೆ ಒಂದರಂತೆ ಬಂಗುಡೆ ತನ್ನಿ. (ಮೀನು ಮುಟ್ಟದ ಮಕ್ಕಳಿಗೆ ಒತ್ತಾಯ ಬೇಡ, ಬರೆದುಕೊಳ್ಳುವ ಕೆಲಸ ಕೊಡಿ.) ಬೆನ್ನಿನ ಎರಡನೇ ರೆಕ್ಕೆಯ ಹಿಂದೆ, ಬಾಲದ ಕಡೆಗೆ, 5 ಪುಟ್ಟ ರೆಕ್ಕೆಗಳಿರುತ್ತವೆ, ಹೊಟ್ಟೆಯ ಕಡೆಯೂ 5. ಬಾಯಿ ಅಗಲಿಸಿದರೆ ಒಳಗೆ ಕಿವಿರಿನ ಎಳೆಗಳು ಹಕ್ಕಿಗರಿಯಂತೆ ಕಾಣುತ್ತವೆ. ನೀರಿನಿಂದ ಪ್ಲಾಂಕ್ಟನ್, ಅಂದರೆ ತೇಲುವ ಪುಟ್ಟ ಜೀವಿಗಳನ್ನು, ಸೋಸುವ ಜರಡಿ ಅದು. ಮೆತ್ತಗಾದ ಮೀನಿನಲ್ಲಿ ಪುಟ್ಟ ರೆಕ್ಕೆಗಳು ಹರಿದು ಎಣಿಕೆ ತಪ್ಪುತ್ತದೆ, ಗಟ್ಟಿ ಮೀನನ್ನೇ ಆರಿಸಿ.

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದು, ದೇಶದಲ್ಲೇ ಮೊದಲನೆಯದು. ಅಲ್ಲಿನ ಮೀನಿನ ಮಾದರಿಗಳನ್ನು ನೋಡಲು ತಿಂಗಳ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ತರಗತಿ, ಮಕ್ಕಳ ಸಂಖ್ಯೆ ತಿಳಿಸಿ. ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿಟ್ಟ ಮೀನು ಬಣ್ಣ ಕಳೆದುಕೊಂಡಿರುತ್ತದೆ. ಹಾಗಾಗಿ ಬಣ್ಣ ಬರೆಸಬೇಡಿ, ಬಾಯಿ ಮೇಲಕ್ಕಿದೆಯೋ ಕೆಳಕ್ಕಿದೆಯೋ, ಬಾಲ ಕವಲೋ ದುಂಡೋ ಎಂದು ನೋಡಿಸಿ. ಚಪ್ಪಟೆಯಾದ ನಂಗು ಮೀನು ಸಿಕ್ಕರೆ ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ ಏಕೆ ಎಂದು ಕೇಳಿ, ಉತ್ತರ ಹೇಳಿಬಿಡಬೇಡಿ.

ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ಮ್ಯೂಸಿಯಂ ಕಟ್ಟಡವೇ ಹಡಗಿನಾಕಾರ. ಮುಕ್ಕಾಲು ಗಂಟೆ ಸಾಕು. ಎರಡು ದಿನವಿದ್ದರೆ ಕಾರವಾರದಲ್ಲಿ ಮ್ಯೂಸಿಯಂ ಆಗಿರುವ ಚಪಲ್ ಯುದ್ಧನೌಕೆ ಹತ್ತಿಸಿ. 1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಮಾಡಿದ ಕರಾಚಿ ದಾಳಿಗೂ ಇದಕ್ಕೂ ಗಂಟು ಹಾಕಬೇಡಿ: ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ.

ಸಂಜೆ ಇಳಿತವಿದ್ದರೆ ಮಂಗಳೂರಿನ ಪಕ್ಕ, ಉಳ್ಳಾಲದ ಬಳಿಯ ಸೋಮೇಶ್ವರ ಕಡಲತೀರದ ಬಂಡೆಗಳಿಗೆ ಹೋಗಿ. ಇಳಿತಕ್ಕೆ ಒಂದು ಗಂಟೆ ಮೊದಲು ತಲುಪಿ. ಎರಡೂಕಾಲು ಮೀಟರ್ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ ಚೌಕ ಮಾಡಿ, ನೀರಂಚಿನಲ್ಲಿ ಒಂದು, ಮೇಲೆ ಒಣಬಂಡೆಯ ಮೇಲೆ ಒಂದು ಇಡಿಸಿ, ಒಳಗಿನ ಚಿಪ್ಪು, ಏಡಿ ಎಣಿಸಿ. ಎರಡು ಲೆಕ್ಕವೂ ಒಂದೇ ಬಂದರೆ ಚೌಕ ಇಟ್ಟ ಜಾಗ ತಪ್ಪಿದೆ. ಪಾಚಿ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಒಬ್ಬ ಶಿಕ್ಷಕರು ಕಡಲಿಗೆ ಬೆನ್ನು ಮಾಡದೆ ಅಲೆಯನ್ನೇ ನೋಡುತ್ತಿರಲಿ. ಚಿಪ್ಪು ಜೇಬಿಗಿಳಿಸುವ ಮೊದಲು ಒಳಗೆ ಸನ್ಯಾಸಿ ಏಡಿ ಇದೆಯೇ ನೋಡಿಸಿ. ನೀರು ತಿರುಗಿ ಏರತೊಡಗಿದೊಡನೆ, ಎಣಿಕೆ ಅರ್ಧದಲ್ಲಿದ್ದರೂ, ಮೇಲಕ್ಕೆ ಕರೆಯಿರಿ.