ದೇವಾಲಯದ ಕೆಲಸಕ್ಕೆ ಹೆಸರು ಕೊಟ್ಟವರಿಗೆ: ಅಹಂಕಾರ ಬಿಟ್ಟು ಸೇವೆ ಮಾಡುವ ಬಗೆ

ಚರ್ಚಿನ ಗಾನವೃಂದಕ್ಕೋ, ಬೈಬಲ್ ವಾಚನ ಓದುವುದಕ್ಕೋ, ಹರಿಹರದ ಆರೋಗ್ಯ ಮಾತೆಯ (ಯೇಸುವಿನ ತಾಯಿ ಮರಿಯಳ) ಹಬ್ಬದ ಸ್ವಯಂಸೇವಕರ ಪಟ್ಟಿಗೋ ಹೊಸದಾಗಿ ಸೇರಿದವರು ಎಷ್ಟೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಒಂದು ಸಂಜೆಯಲ್ಲಿ ಹೇಳಿಕೊಡಬಹುದು. ಕೆಲಸ ಕೈಗೆ ಹತ್ತಿ ನಾಲ್ಕು ಜನ ಹೊಗಳತೊಡಗಿದ ಮೇಲೆ ಒಳಗೆ ಬೆಳೆಯುವುದನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲೂಕನ ಶುಭಸಂದೇಶದ 18ನೇ ಅಧ್ಯಾಯ ತೆಗೆದು ಫರಿಸಾಯನ ಮತ್ತು ಸುಂಕದವನ ಕಥೆ ನಿಧಾನವಾಗಿ ಓದಿ. ಧರ್ಮನಿಷ್ಠನೆನಿಸಿಕೊಂಡ ಫರಿಸಾಯ ಮುಂದೆ, ಪಾಪಿಯೆನಿಸಿಕೊಂಡ ಸುಂಕ ವಸೂಲಿಯವನು ಹಿಂದೆ ನಿಂತು ಪ್ರಾರ್ಥಿಸುತ್ತಾರೆ. ಫರಿಸಾಯ ಅಲ್ಲಿ ಸುಳ್ಳು ಹೇಳುತ್ತಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ, ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ. ಪ್ರಾರ್ಥನೆ ಶುರುಮಾಡಿದ್ದೂ ದೇವರಿಗೆ ಕೃತಜ್ಞತೆ ಹೇಳಿಯೇ. ದೇವರ ಮುಂದೆ ನಿಂತವನ ಕಣ್ಣು ಹಿಂದೆ ನಿಂತವನ ಕಡೆ ಹೊರಳಿತು, ಅಲ್ಲಿಗೆ ಪ್ರಾರ್ಥನೆ ಕೆಟ್ಟಿತು. ಅಹಂಕಾರ ನಮ್ಮಂಥವರಿಗೆ ಬರುವುದು ಈ ದಾರಿಯಲ್ಲೇ, ಭಕ್ತಿಯ ಬೆನ್ನು ಹಿಡಿದು. ಆದ್ದರಿಂದ ಬಲಿಪೂಜೆ (ಚರ್ಚಿನ ಆರಾಧನೆ) ಮುಗಿದ ಮೇಲೆ ಒಂದು ನಿಮಿಷ ಕೂತು ನೋಡಿಕೊಳ್ಳಿ: ಇವತ್ತು ನನ್ನ ಕಣ್ಣು ಯಾರ ಮೇಲಿತ್ತು? ತಡವಾಗಿ ಬಂದವರ ಮೇಲೋ, ಸ್ವರ ತಪ್ಪಿದವರ ಮೇಲೋ? ಹಾಗಿದ್ದರೆ ಆ ವ್ಯಕ್ತಿಯ ಹೆಸರು ಹೇಳಿ ಅವರಿಗಾಗಿ ಒಂದು 'ನಮೋ ಮರಿಯ' ಪ್ರಾರ್ಥನೆ ಹೇಳಿ ಏಳಿ. ದಿನಾ ಮಾಡಿದರೆ ಕಣ್ಣು ಪಳಗುತ್ತದೆ.

ಆಮೇಲೆ, ಪ್ರಕಟಣೆಯಲ್ಲಿ ಬಾರದ ಒಂದು ಕೆಲಸ ಆರಿಸಿಕೊಳ್ಳಿ. ಬಾಗಿಲಲ್ಲಿ ಚಪ್ಪಲಿ ಸಾಲು ಹಚ್ಚುವುದು, ಕುಡಿಯುವ ನೀರಿನ ಡ್ರಮ್ ತುಂಬಿಸುವುದು, ಮೇಣದಬತ್ತಿಯ ಮೇಣ ಕೆರೆಯುವುದು. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಎಂದ ಪ್ರಭುವಿನ ಮಾತಿಗೆ ಇಂಥ ಕೆಲಸಗಳು ಸುಲಭದ ದಾರಿ. ಫಾದರ್ ಅದನ್ನೂ ಗಮನಿಸಿ ನಿಮ್ಮ ಹೆಸರು ಹೇಳಿಬಿಟ್ಟರೆ 'ಬ್ಯಾಡ್ರಿ ಫಾದರ್, ನಾನೇನು ಮಾಡೀನಿ' ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಡಿ. ಅದರಿಂದ ನೋಡುವವರ ಕಣ್ಣು ಇನ್ನಷ್ಟು ಹೊತ್ತು ನಿಮ್ಮ ಮೇಲೇ ಇರುತ್ತದೆ. ಕೈಮುಗಿದು ಕೂತುಬಿಡಿ.

ಹರಿಹರದ ಹಬ್ಬಕ್ಕೆ ಹೋಗುವವರಿಗೆ ಒಂದು ಮಾತು. ಸೆಪ್ಟೆಂಬರ್ 8ಕ್ಕೆ ಅಲ್ಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. 14 ಕಿಲೋಮೀಟರ್ ಆಸುಪಾಸಿನ ದಾವಣಗೆರೆಯಿಂದ ನಡೆದು ಬರುವವರಿದ್ದಾರೆ. ಕೊರಳಿಗೆ ಬ್ಯಾಡ್ಜ್ ಬಿದ್ದ ಕೂಡಲೇ ನಮ್ಮ ದನಿ ಏರುತ್ತದೆ. 'ಸಾಲಲ್ಲಿ ನಿಲ್ರಿ' ಎನ್ನುವುದು 'ನಿಲ್ಲೋ' ಎಂದಾಗಲು ಹೊತ್ತು ಬೇಕಿಲ್ಲ. 2019ರಲ್ಲಿ ಆ ದೇವಾಲಯಕ್ಕೆ, ಪೋಪರು ವಿಶೇಷ ದೇವಾಲಯಗಳಿಗೆ ಕೊಡುವ ಬಸಿಲಿಕ ಎಂಬ ಗೌರವ ಬಂದಾಗ ನಮಗೆಲ್ಲ ಎದೆ ಉಬ್ಬಿತು. ಆದರೆ ಆ ತಾಯಿಯ ಬಳಿಗೆ ಜನ ಬರುವುದು ತಮ್ಮ ನೋವು ಹೇಳಿಕೊಳ್ಳಲು. ದರ್ಶನಕ್ಕೆ ನೀವೂ ಅವರ ಸಾಲಿನಲ್ಲೇ ನಿಲ್ಲಿ, ಬ್ಯಾಡ್ಜ್ ಜೇಬಿಗಿಟ್ಟು.

ಇನ್ನು ನನಗೆ ಬಹಳ ಮುಖ್ಯವೆನಿಸಿದ್ದು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಫಾದರ್ ಪಾದ ತೊಳೆಯುವ ವಿಧಿಗೆ ಮೊದಲೆಲ್ಲ ನಿಯಮದ ಪ್ರಕಾರ ಗಂಡಸರನ್ನಷ್ಟೇ ಕೂರಿಸಬೇಕಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿ ಹೆಂಗಸರಿಗೂ ಅವಕಾಶ ಕೊಟ್ಟರು. ಯಾರು ಕೂತರೂ ಒಂದು ಮಾತ್ರ ಬದಲಾಗಿಲ್ಲ: ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿ ಬಂದಿರುತ್ತಾರೆ. ತೊಳೆಸಿಕೊಳ್ಳುವ ಕಾಲಿನಲ್ಲೂ ಕೊಳೆ ಕಾಣಬಾರದು ನಮಗೆ. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯುವಾಗ ಶಿಷ್ಯ ಪೇತ್ರ ಹಿಂಜರಿದದ್ದೂ ಇಲ್ಲಿಯೇ. ನನ್ನ ಪಾದ ನೀವು ಎಂದಿಗೂ ತೊಳೆಯಕೂಡದು ಎಂದ. ಕೇಳಲು ವಿನಯದ ಮಾತು. ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದರು ಪ್ರಭು.

ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ ಇದನ್ನೇ ನೋಡುತ್ತಿದ್ದೆ. ಊರಲ್ಲಿ ನಾಲ್ಕು ಜನರ ನ್ಯಾಯ ಹೇಳಿದ ಹಿರಿಯರು, ಜೀವಮಾನವೆಲ್ಲ ಇನ್ನೊಬ್ಬರಿಗೆ ಬಡಿಸಿದ ತಾಯಂದಿರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು: 'ಬ್ಯಾಡ್ರಿ ಸಿಸ್ಟ್ರೇ, ನೀವು ಕಾಲು ಮುಟ್ಟಬ್ಯಾಡ್ರಿ.' ಕಾಲನ್ನು ಬೆಳಕಿಗೆ ಹಿಡಿದು ಬೆರಳ ಸಂದಿಯೆಲ್ಲ ನೋಡದೆ ಹುಣ್ಣು ಎಲ್ಲಿಯವರೆಗೆ ಹಬ್ಬಿದೆ ಎಂದು ಗೊತ್ತಾಗುವುದಿಲ್ಲ. 'ಅಜ್ಜಾರೆ, ನೀವು ಕಾಲು ಕೊಟ್ರೆ ಅರ್ಧ ಕೆಲಸ ಆದಂಗೆ' ಎನ್ನುತ್ತಿದ್ದೆ.

ಸೇವೆ ಮಾಡುವಾಗ ನಾವು ಎತ್ತರದಲ್ಲೇ ಇರಬಹುದು. ಮಾಡಿಸಿಕೊಳ್ಳುವಾಗ ಇಳಿಯಲೇಬೇಕು. ಹಾಗಾಗಿ ಸೇವೆಗೆ ಸೇರಿದವರು ಪಡೆಯುವುದನ್ನೂ ಕಲಿಯಬೇಕು. ಜ್ವರ ಬಂದರೆ ಪಕ್ಕದ ಮನೆಯವರಿಗೆ ಹೇಳಿ. ಅವರು ಗಂಜಿ ಕಳಿಸಿದರೆ, ಡಬ್ಬಿ ಖಾಲಿ ಕಳಿಸಬಾರದೆಂದು ಎರಡರಷ್ಟು ತುಂಬಿ ಸಂಜೆಯೇ ಲೆಕ್ಕ ತೀರಿಸಬೇಡಿ. ತೊಳೆದು ಕೊಟ್ಟು, 'ಬಹಳ ಆಸರೆ ಆತು ಅಕ್ಕಾರೆ' ಎಂದರೆ ಸಾಕು. ಗಾನವೃಂದದಲ್ಲಿ ನಿಮಗಿಂತ ಚಿಕ್ಕವಳು ಶ್ರುತಿ ತಪ್ಪಿದೆ ಎಂದರೆ ಕಾರಣ ಹೇಳುವ ಮೊದಲು 'ಹೌದಾ, ಹಾಡಿ ತೋರಿಸವ್ವ' ಎನ್ನಿ.

ಫಾದರ್ ಬಳಿ ಪಾಪನಿವೇದನೆಗೆ ಹೋದಾಗ 'ಅಹಂಕಾರ ಪಟ್ಟೆ' ಎಂದಷ್ಟೇ ಹೇಳಿ ಎದ್ದು ಬರಬೇಡಿ. ಯಾವ ಮಾತಿನಲ್ಲಿ, ಯಾವ ಕೆಲಸದಲ್ಲಿ ಎಂಬುದನ್ನು ಹೇಳಿ. ನಿಮ್ಮಿಂದ ನೊಂದವರ ಬಳಿಗೂ ಹೋಗಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ರಾಜಿಯಾಗು ಎಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು, ಏಕೆಂದರೆ ಏಟು ತಿಂದು ಬಂದ ಹೆಂಗಸರಿಗೆ 'ತಗ್ಗಿ ನಡಿಯವ್ವ' ಎನ್ನುವವರನ್ನು ಕಂಡಿದ್ದೇನೆ. ಅದು ದೀನತೆಯಲ್ಲ. ಮಹಾಯಾಜಕನ ಮುಂದೆ ಕಾವಲಿನವನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ, ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆಯುತ್ತೀ ಎಂದು ಕೇಳಿದರು. ಯೊವಾನ್ನ 18ರಲ್ಲಿ ನೋಡಿ. ಆವಿಲಾದ ಸಂತ ತೆರೇಸಾ ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು ಎಂದರು. ನಿಮಗೆ ಚೆನ್ನಾಗಿ ಹಾಡಲು ಬರುತ್ತಿದ್ದರೆ ಬರುವುದಿಲ್ಲ ಎನ್ನಬೇಡಿ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಮುಚ್ಚಿಡಬೇಡಿ. ಫಾದರ್‌ಗೆ, ಸಿಸ್ಟರ್‌ಗೆ, ಬೇಕಾದರೆ ಪೊಲೀಸರಿಗೆ ಹೇಳಿ; ಜೊತೆಗೆ ಬರಲು ನಾನಿದ್ದೇನೆ.