ಈರುಳ್ಳಿ ಪೊರೆಯಿಂದ ಎಲೆಯವರೆಗೆ: ಕೋಶ, ಅಂಗಾಂಶ, ಅಂಗಗಳನ್ನು ಕಣ್ಣಾರೆ ನೋಡುವುದು ಹೇಗೆ?

ಲ್ಯಾಬಿನಲ್ಲಿ ಮಕ್ಕಳು ಬಿಡಿಸುವ ಈರುಳ್ಳಿ ಕೋಶದ ಚಿತ್ರ ಬಹಳ ಸಲ ಪುಸ್ತಕದ್ದೇ ಆಗಿರುತ್ತದೆ. ಲೆನ್ಸಿನಲ್ಲಿ ಅವರಿಗೆ ಕಂಡಿರುವುದು ಗಾಳಿಗುಳ್ಳೆ, ಇಲ್ಲವೇ ಬಣ್ಣದ ಮುದ್ದೆ. ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ ಎಂಬ ಸಾಲು ಬಾಯಿಪಾಠ ಆಗಿರುತ್ತದೆ, ಆದರೆ ಕಣ್ಣಿಗೆ ಬಿದ್ದಿರುವುದಿಲ್ಲ. ಸ್ಲೈಡ್ ಸರಿಯಾಗಿ ಮಾಡಿದರೆ ಈ ಮೂರನ್ನೂ ನೋಡಬಹುದು.

ಬೇಕಾಗುವುದು ಇಷ್ಟೇ: ಈರುಳ್ಳಿ, ಬ್ಲೇಡು, ಚಿಮಟ, ಸೂಜಿ, ಮೆತ್ತನೆಯ ಬ್ರಷ್, ಸ್ಲೈಡ್, ಕವರ್ ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು), ಅಯೋಡಿನ್ ದ್ರಾವಣ, ಫಿಲ್ಟರ್ ಪೇಪರ್, ಮೈಕ್ರೋಸ್ಕೋಪ್. ಸಾವಿರಾರು ಪಟ್ಟು ದೊಡ್ಡದು ಮಾಡುತ್ತೇವೆ ಎಂದು ಡಬ್ಬಿಯ ಮೇಲೆ ಬರೆದಿರುವ ಪ್ಲಾಸ್ಟಿಕ್ ಲೆನ್ಸಿನ ಆಟಿಕೆ ಕೊಳ್ಳಬೇಡಿ. ಅದು ಮಬ್ಬನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಈರುಳ್ಳಿಗೆ 100 ಪಟ್ಟು ಸಾಕು. ಲೆನ್ಸ್ ಗಾಜಿನದಾಗಿರಲಿ, ಅಷ್ಟೇ.

ಪೊರೆ ತೆಗೆಯುವುದು

ಮೊದಲು ಈರುಳ್ಳಿಯನ್ನು ನಾಲ್ಕು ಭಾಗ ಮಾಡಿ, ದಪ್ಪನೆಯ ಒಂದು ಪದರ ಬಿಡಿಸಿ. ಈ ಪದರ ಅಂದರೆ ನೆಲದೊಳಗೆ ಆಹಾರ ತುಂಬಿಕೊಂಡ ಎಲೆ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ಅಂಗ. ನಮಗೆ ಬೇಕಾದ ಪೊರೆ ಅದರ ಒಳಮೈಯಲ್ಲಿದೆ, ಅಂದರೆ ತಗ್ಗಾಗಿ ಬಾಗಿರುವ ಕಡೆ. ಹೊರಗಿನ ಒಣ ಸಿಪ್ಪೆ ತೆಗೆದುಕೊಂಡವರಿಗೆ ಕೋಶದ ಒಳಗಿನದು ಕಾಣುವುದಿಲ್ಲ.

ಒಳಮೈ ಮೇಲೆ ಬ್ಲೇಡಿನಿಂದ ಹಗುರವಾಗಿ ಸಣ್ಣ ಚೌಕ ಗೀರಿ. ಅರ್ಧ ಸೆಂಟಿಮೀಟರ್ ಸಾಕು. ದೊಡ್ಡ ತುಂಡು ಮಡಚಿಕೊಳ್ಳುತ್ತದೆ. ಒಂದು ಮೂಲೆಯನ್ನು ಚಿಮಟದಿಂದ ಹಿಡಿದು ನಿಧಾನಕ್ಕೆ ಎಳೆಯಿರಿ. ತೆಳ್ಳಗೆ, ಪಾರದರ್ಶಕವಾಗಿ ಬಂದರೆ ಅದೇ ಪೊರೆ. ಬೆಳ್ಳಗೆ, ದಪ್ಪಗೆ ಬಂದರೆ ಕೆಳಗಿನ ತಿರುಳೂ ಅಂಟಿಕೊಂಡಿದೆ ಎಂದರ್ಥ. ಅದನ್ನು ಬಿಸಾಡಿ ಇನ್ನೊಂದು ತೆಗೆಯಿರಿ. ತಿರುಳಿರುವ ತುಂಡಿನಲ್ಲಿ ಕೋಶದ ಮೇಲೆ ಕೋಶ ಬಿದ್ದು ಯಾವುದೂ ಬಿಡಿಸಿ ಕಾಣದು.

ತೆಗೆದ ಪೊರೆಯನ್ನು ತಕ್ಷಣ ಸ್ಲೈಡಿನ ಮೇಲಿನ ನೀರಿನ ಹನಿಗೆ ಇಳಿಸಿ. ಗಾಳಿಯಲ್ಲಿ ಬಿಟ್ಟರೆ ಒಣಗಿ ಸುರುಳಿಯಾಗುತ್ತದೆ. ಮಡಿಕೆ ಬಿದ್ದರೆ ಬ್ರಷ್‌ನಿಂದ ಬಿಡಿಸಿ, ಬೆರಳು ಬೇಡ. ಆಮೇಲೆ ಒಂದೇ ಹನಿ ಅಯೋಡಿನ್. ಒಂದೆರಡು ನಿಮಿಷ ಬಿಟ್ಟು, ಜಾಸ್ತಿ ಇರುವುದನ್ನು ಫಿಲ್ಟರ್ ಪೇಪರ್‌ನಿಂದ ಹೀರಿ. ಸಫ್ರಾನಿನ್ ಎಂಬ ಕೆಂಪು ಬಣ್ಣವನ್ನೂ ಬಳಸುತ್ತಾರೆ. ಆದರೆ ಸ್ವಲ್ಪ ಹೆಚ್ಚಾದರೂ ಎಲ್ಲ ಕೆಂಪಾಗಿಬಿಡುತ್ತದೆ. ಮೊದಲ ಸಲ ಮಾಡುವವರಿಗೆ ಅಯೋಡಿನ್ನೇ ಒಳ್ಳೆಯದು.

ಎಲ್ಲರೂ ಎಡವುವ ಜಾಗ

ಕವರ್ ಸ್ಲಿಪ್ ಅನ್ನು ಮೇಲಿನಿಂದ ಚಪ್ಪಟೆಯಾಗಿ ಬೀಳಿಸಬೇಡಿ. ಕೆಳಗಿದ್ದ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೊದಲು ಪೊರೆಯ ಸುತ್ತ ಸಾಕಷ್ಟು ನೀರಿದೆಯಾ ನೋಡಿ. ಕವರ್ ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ, ಓರೆಯಾಗಿ ಹಿಡಿಯಿರಿ. ನೀರು ಆ ಅಂಚಿನ ಉದ್ದಕ್ಕೂ ಹರಡುವವರೆಗೆ ಕಾಯಿರಿ. ಈ ಕಾಯುವುದನ್ನೇ ಬಹಳ ಮಂದಿ ಬಿಡುತ್ತಾರೆ. ಈಗ ಇನ್ನೊಂದು ಅಂಚಿಗೆ ಸೂಜಿ ಆನಿಸಿ, ನಿಧಾನಕ್ಕೆ ಇಳಿಸಿ. ನೀರು ಗಾಳಿಯನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಗುಳ್ಳೆ ಉಳಿದರೆ ಒತ್ತಬೇಡಿ, ಕೋಶಗಳು ಒಡೆಯುತ್ತವೆ. ಎತ್ತಿ, ಒಂದು ಹನಿ ನೀರು ಹಾಕಿ ಮತ್ತೆ ಇಳಿಸಿ. ಕವರ್ ಸ್ಲಿಪ್ ಇಲ್ಲದೆ ನೋಡುವ ಸುಲಭದ ದಾರಿ ಹಿಡಿದರೆ ಲೆನ್ಸ್ ಒದ್ದೆಯಾಗುತ್ತದೆ, ಚಿತ್ರವೂ ಕೆಡುತ್ತದೆ.

ಕಡಿಮೆ ಪವರ್‌ನಿಂದ ಶುರು ಮಾಡಿ. ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರ ತನ್ನಿ. ಆಮೇಲೆ ಕಣ್ಣಿಟ್ಟು, ಸ್ಲೈಡಿನಿಂದ ದೂರ ಹೋಗುವ ಕಡೆಗೇ ತಿರುಗಿಸುತ್ತಾ ಫೋಕಸ್ ಮಾಡಿ. ಉಲ್ಟಾ ಮಾಡಿದರೆ ಸ್ಲೈಡ್ ಒಡೆಯುತ್ತದೆ.

ದಪ್ಪ ಕಪ್ಪು ಅಂಚಿನ ದುಂಡನೆಯದು ಗಾಳಿಗುಳ್ಳೆ. ಇಟ್ಟಿಗೆ ಜೋಡಿಸಿದಂತೆ ಸಾಲಾಗಿರುವುದು ಕೋಶಗಳು. ಪ್ರತಿಯೊಂದರಲ್ಲೂ ಹಳದಿ-ಕಂದು ಚುಕ್ಕೆ ಹುಡುಕಿ, ಅದೇ ಕೋಶಕೇಂದ್ರ. ಅದು ಹೆಚ್ಚಾಗಿ ಅಂಚಿನಲ್ಲಿರುತ್ತದೆ. ಕೋಶದ ಬಹುಭಾಗವನ್ನು ತುಂಬಿಕೊಂಡ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ. ಈಗ ಒಂದು ಕೋಶ ಬಿಟ್ಟು ಇಡೀ ಹಾಳೆಯನ್ನು ನೋಡಿ. ಎಲ್ಲವೂ ಒಂದೇ ತರಹ, ನಡುವೆ ಸಂದಿಲ್ಲ. ಹೊದಿಕೆಯಾಗಿ ಕಾಯುವುದು ಅವುಗಳ ಕೆಲಸ. ಇದು ಅಂಗಾಂಶ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೂಡುಗಳನ್ನು. ನಿಮ್ಮ ಮುಂದಿರುವುದರಲ್ಲಿ ಒಳಗಿನ ಸರಕೂ ಇದೆ.

ಈಗ ಎಲೆ

ಬರೀ ಈರುಳ್ಳಿಗೆ ನಿಲ್ಲಿಸಿದರೆ ಅರ್ಧ ಪಾಠ. ರಿಯೋ ಎಂಬ ಅಲಂಕಾರದ ಗಿಡದ, ಕೆಳಮೈ ನೇರಳೆ ಇರುವ ಎಲೆ ತನ್ನಿ. ಕೆಳಮೈಯ ಪೊರೆಯನ್ನು ಅದೇ ರೀತಿ ತೆಗೆಯಿರಿ, ಬಣ್ಣ ಹಾಕುವುದೇ ಬೇಡ. ನೇರಳೆ ಕೋಶಗಳ ನಡುವೆ ಹಸಿರು ಜೋಡಿಗಳು ಕಾಣುತ್ತವೆ. ಇವು ಕಾವಲು ಕೋಶಗಳು. ನೀರು ತುಂಬಿ ಉಬ್ಬಿದಾಗ ನಡುವಿನ ಪತ್ರರಂಧ್ರ ತೆರೆಯುತ್ತದೆ, ನೀರು ಕಡಿಮೆಯಾದಾಗ ಮುಚ್ಚುತ್ತದೆ.

ಆ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ಆವಿ ಹೋದಂತೆ ಕ್ಸೈಲಂ ಕೊಳವೆಯಲ್ಲಿ ಬೇರಿನಿಂದ ನೀರು ಮೇಲೇರುತ್ತದೆ. ಆ ಕೊಳವೆಯ ಕೋಶಗಳು ಸತ್ತು ಟೊಳ್ಳಾದ ಮೇಲೇ ನೀರು ಸಾಗಿಸುವುದು. ಎಲೆಯ ನಡುಪದರ ಮಾಡಿದ ಸಕ್ಕರೆ ಫ್ಲೋಯಂ ಎಂಬ ಇನ್ನೊಂದು ಅಂಗಾಂಶದ ಮೂಲಕ ಬೇರಿಗೆ ಹೋಗುತ್ತದೆ. ಫ್ಲೋಯಂನ ಜರಡಿ ಕೋಶಗಳಿಗೆ ಕೋಶಕೇಂದ್ರವೇ ಇಲ್ಲ. ಪಕ್ಕದ ಸಂಗಾತಿ ಕೋಶಗಳು ಅವನ್ನು ಬದುಕಿಸಿಕೊಂಡಿರುತ್ತವೆ. ಎಲೆಗೆ ನೀರು ಕೊಡುವುದು ಬೇರು, ಬೇರಿಗೆ ಸಕ್ಕರೆ ಕೊಡುವುದು ಎಲೆ. ಒಂದು ಅಂಗ ನಿಂತರೆ ಇನ್ನೊಂದೂ ನಿಲ್ಲುತ್ತದೆ, ಅಲ್ವಾ?

ನೀರು ಮೇಲೇರುವ ದಾರಿಯನ್ನು ನೋಡಲು ಕರ್ಣಕುಂಡಲದ ರೆಂಬೆಯನ್ನು ನೀರೊಳಗೇ ಕತ್ತರಿಸಿ, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ನಿಲ್ಲಿಸಿ. ಆಮೇಲೆ ಕಾಂಡವನ್ನು ಅಡ್ಡಕ್ಕೆ, ಆದಷ್ಟು ತೆಳ್ಳಗೆ ಸೀಳಿ ನೋಡಿ. ಸುತ್ತಲೂ ಕೆಂಪಾಗಿ ಕಾಣುವ ಚುಕ್ಕೆಗಳಲ್ಲಿ ಕ್ಸೈಲಂ ಇದೆ. ನಡುವಿನ ತಿರುಳಿಗೂ ಕೆಂಪು ಹರಡಿದ್ದರೆ ಜಾಸ್ತಿ ಹೊತ್ತು ಬಿಟ್ಟಿದ್ದೀರಿ. ಹೊಸ ರೆಂಬೆ ತೆಗೆದುಕೊಳ್ಳಿ.