ಹೆಸರಿಲ್ಲದೆ ಇಟ್ಟ ಸೀರೆ: ಮುತ್ತಜ್ಜಿಯನ್ನು ಹುಡುಕಿದ ನನ್ನ ಅನುಭವ

ಮಹಾಲಯ ಅಮಾವಾಸ್ಯೆಯ ದಿನ ತಿಪಟೂರು ಸೀಮೆಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಕಳಶದ ಒಂದು ಬದಿಗೆ ಪಂಚೆ, ವಲ್ಲಿಗಳನ್ನೂ ಇನ್ನೊಂದು ಬದಿಗೆ ಸೀರೆಗಳನ್ನೂ ಜೋಡಿಸುವುದು ವಾಡಿಕೆ. ಸೀರೆಗಳಲ್ಲಿ ಒಂದು ನನ್ನ ಅಜ್ಜಿಯದು. ಅದರ ಪಕ್ಕದಲ್ಲಿ ಪ್ರತಿವರ್ಷವೂ ಒಂದು ಹಸಿರು ಸೀರೆ, ಅದರ ಮೇಲೆ ಒಂದು ಡಜನ್ ಗಾಜಿನ ಬಳೆ, ಅರಿಸಿನ ಕುಂಕುಮ, ಒಂದು ಮೊಳ ಹೂವು ಇರುತ್ತಿದ್ದವು. ಇದು ಯಾರದೆಂದು ಕೇಳಿದರೆ ‘ಮುತ್ತೈದೆಯಾಗಿ ಹೋದವಳಿಗೆ’ ಎಂಬ ಉತ್ತರ ಬರುತ್ತಿತ್ತೇ ಹೊರತು ಹೆಸರು ಬರುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ನಾನು ‘ಹೋದವಳು’ ಎಂದರೆ ಎಲ್ಲಿಗೋ ಹೋಗಿ ಇನ್ನೂ ಬಾರದವಳು ಎಂದೇ ತಿಳಿದಿದ್ದೆ.

ಹುಡುಕಾಟ ಶುರುವಾದದ್ದು ಭಕ್ತಿಯಿಂದಲ್ಲ, ಕಾಗದಪತ್ರದಿಂದ. 2019ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾವಣೆಗಾಗಿ ನಾಡಕಚೇರಿಗೆ ವಂಶವೃಕ್ಷ ಸಲ್ಲಿಸಬೇಕಾಯಿತು. ಮುತ್ತಾತನ ಹೆಸರಿನ ಪಕ್ಕದಲ್ಲಿ ಹೆಂಡತಿಯ ಹೆಸರು ಬರೆಯುವಾಗ ಕೈ ಸಲೀಸಾಗಿ ಓಡಿತು, ಏಕೆಂದರೆ ಆ ಹೆಸರು ಎಲ್ಲರಿಗೂ ಗೊತ್ತಿತ್ತು. ಬರೆದು ಮುಗಿದ ಮೇಲೆ ನನ್ನ ಸೋದರತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇವಳು ಎರಡನೆಯವಳಲ್ಲವೇನಪ್ಪ, ನಿಮ್ಮ ತಾತನನ್ನು ಹೆತ್ತವಳು ಬೇರೆ” ಎಂದರು. ಹೆತ್ತವಳ ಹೆಸರು ಅವರಿಗೂ ತಿಳಿದಿರಲಿಲ್ಲ. ಆಸ್ತಿಯ ಹಕ್ಕಿಗೆ ಆ ಹೆಸರಿನ ಅಗತ್ಯವಿಲ್ಲದ್ದರಿಂದ ಅರ್ಜಿ ಹಾಗೆಯೇ ಮಂಜೂರಾಯಿತು. ಸರ್ಕಾರದ ಮೊಹರು ಬಿದ್ದ ನಮ್ಮ ವಂಶವೃಕ್ಷದಲ್ಲಿ ತಾತ ಇಂದಿಗೂ ಮಲತಾಯಿಯ ಮಗನಾಗಿಯೇ ಉಳಿದಿದ್ದಾರೆ.

ನಮ್ಮ ಮನೆ ಅವಳನ್ನು ಏಕೆ ಮರೆಯಿತು ಎಂಬುದನ್ನು ಮೊದಲು ಅರ್ಥಮಾಡಿಕೊಳ್ಳಬೇಕಾಯಿತು. ತಾಯಿ ಸತ್ತಾಗ ತಾತ ಇನ್ನೂ ಅಂಬೆಗಾಲಿಡುವ ಕೂಸು. ವರ್ಷ ತುಂಬುವುದರೊಳಗೆ ಮುತ್ತಾತ ಇನ್ನೊಂದು ಮದುವೆಯಾದರು. ಬಂದವಳು ಒಳ್ಳೆಯ ಹೆಂಗಸಾಗಿದ್ದಳು. ತಾಳಿಯ ಜೊತೆಗೆ ಸತ್ತ ಸವತಿಯ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆಯನ್ನು ಕಡೆಯತನಕ ಕೊರಳಲ್ಲಿ ಹಾಕಿಕೊಂಡಿದ್ದಳೆಂದು ಅತ್ತೆ ನೆನಪಿಸಿಕೊಂಡರು. ಆದರೆ ಮಗುವಿಗೆ ‘ಅವ್ವ’ ಎಂದರೆ ಇವಳೇ ಆಗಬೇಕು ಎಂಬ ಕಾರಣಕ್ಕೆ ಆ ಹಿಂದಿನ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ಭಯವೂ ಇತ್ತು. ಹರೆಯದಲ್ಲಿ, ಆಸೆಗಳು ತೀರದೆ, ಎಳೆಗೂಸನ್ನು ಬಿಟ್ಟು ಸತ್ತವಳು ಮನೆಯ ಸುತ್ತ ಸುಳಿಯುತ್ತಾಳೆ, ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿತ್ತು. ಹೀಗಾಗಿ ಸೀರೆ ಇಟ್ಟು ಸಮಾಧಾನಪಡಿಸುವುದು, ಹೆಸರು ಹೇಳದೆ ದೂರವಿಡುವುದು, ಎರಡೂ ಒಂದೇ ಎಡೆಯಲ್ಲಿ ನಡೆಯುತ್ತಿದ್ದವು. ಇದನ್ನು ಕ್ರೌರ್ಯ ಎನ್ನಲು ನನಗೆ ಮನಸ್ಸಿಲ್ಲ.

ಮೊದಲು ನಾನು ತಪ್ಪು ಕಡೆ ಹುಡುಕಿದೆ. ಜನನ ಮರಣಗಳ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿದ್ದು 1969ರ ಕಾಯ್ದೆ. ಅದಕ್ಕೂ ಹಿಂದಿನ ಕಾಲಕ್ಕೆ ಊರಿನ ಪಟೇಲ ಶಾನುಭೋಗರ ಕೈಯಲ್ಲಿದ್ದ ಪುಸ್ತಕಗಳೇ ಗತಿ. ಆ ವಂಶಪಾರಂಪರ್ಯದ ಹುದ್ದೆಗಳು 1960ರ ದಶಕದಲ್ಲಿ ರದ್ದಾದಾಗ ಹಳೆಯ ಪುಸ್ತಕಗಳಲ್ಲಿ ಕೆಲವು ಕಚೇರಿ ಸೇರಿದವು, ಕೆಲವು ಅಟ್ಟದ ಮೇಲೆಯೇ ಗೆದ್ದಲಿಗೆ ಆಹಾರವಾದವು. ನಮ್ಮ ಊರಿನದು ಎರಡನೆಯ ಬಗೆಯದೆಂದು ತಿಳಿಯಲು ನನಗೆ ಏಳು ತಿಂಗಳು ಹಿಡಿಯಿತು.

ದಾರಿ ತೋರಿಸಿದವರು ಹೆಳವರು. ಒಕ್ಕಲು ಮನೆತನಗಳಿಗೆಲ್ಲ ತಮ್ಮ ತಮ್ಮ ಹೆಳವರಿರುತ್ತಾರೆ. ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಈಚಿನ ಕೂಸಿನವರೆಗೆ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು, ಬಟ್ಟೆ, ಕೆಲವೊಮ್ಮೆ ಕರುವನ್ನು ಪಡೆದು ಹೋಗುತ್ತಿದ್ದರು. ತಾಮ್ರದ ಪಟ, ತಾಳೆಗರಿಗಳಲ್ಲಿದ್ದ ದಾಖಲೆ ಈಗ ದಪ್ಪ ರಟ್ಟಿನ ಪುಸ್ತಕಗಳಿಗೆ ಇಳಿದಿದೆ. ನಮ್ಮ ಮನೆಗೆ ಬರುವವರು 2020ರ ಮಾಘದಲ್ಲಿ ಬೈಕಿನಲ್ಲಿ ಬಂದರು. ಅವರ ಪುಸ್ತಕದಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳು ಒಂದೂ ತಪ್ಪದೆ ಇದ್ದವು, ಹೆಂಗಸರ ಹೆಸರುಗಳು ಅಲ್ಲೊಂದು ಇಲ್ಲೊಂದು. ಆದರೆ ಮುತ್ತಾತನ ಹೆಸರಿನ ಕೆಳಗೆ ಎರಡು ಊರುಗಳನ್ನು ಬರೆದಿತ್ತು. ಹೆಣ್ಣು ತಂದ ಊರುಗಳು ಅವು. ಎರಡನೆಯದು ನಮಗೆ ಗೊತ್ತಿದ್ದ ಮಲಮುತ್ತಜ್ಜಿಯ ತವರು. ಮೊದಲನೆಯದು ಹುಳಿಯಾರಿನ ಕಡೆಯ ಒಂದು ಸಣ್ಣ ಹಳ್ಳಿ. ನಮ್ಮ ಮನೆಯಲ್ಲಿ ಆ ಊರಿನ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಇಂಥ ಕೆಲಸಕ್ಕೆ ಹೊರಡುವವರಿಗೆ ನಾನು ಹೇಳಬಲ್ಲ ಮುಖ್ಯವಾದ ಮಾತು ಇದು: ಚಿಕ್ಕ ವಯಸ್ಸಿನಲ್ಲಿ ಸತ್ತ ಹೆಣ್ಣನ್ನು ಗಂಡನ ಮನೆಯಲ್ಲಿ ಹುಡುಕಬಾರದು. ಅಲ್ಲಿ ಅವಳು ಮೂರು ನಾಲ್ಕು ವರ್ಷ ಬಾಳಿರುತ್ತಾಳೆ, ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿರುತ್ತಾಳೆ. ತವರಿನಲ್ಲಿ ಮಗಳ ಜಾಗಕ್ಕೆ ಯಾರೂ ಬಂದಿರುವುದಿಲ್ಲ.

ಆ ಹಳ್ಳಿಗೆ ನಾನು ಹೋದದ್ದು 2021ರಲ್ಲಿ. ಮುತ್ತಜ್ಜಿಯ ತಮ್ಮನ ಮಗ, ಎಂಬತ್ತು ದಾಟಿದವರು, ಜಗಲಿಯ ಮೇಲೆ ಕುಳಿತಿದ್ದರು. ನಾನು ಊರು, ಮನೆತನ ಹೇಳಿ ಮುಗಿಸುವ ಮುನ್ನವೇ ಅವರು ಒಳಗೆ ತಿರುಗಿ, “ನಮ್ಮ ಮನೆ ಹೆಣ್ಮಗಳ ಕಡೆಯವರು ಬಂದವ್ರೆ, ನೀರು ತಗೊಂಬನ್ನಿ” ಎಂದು ಕೂಗಿದರು. ಅವರು ಹುಟ್ಟುವ ಎರಡು ದಶಕ ಮೊದಲೇ ಸತ್ತಿದ್ದ ಸೋದರತ್ತೆಯ ಹೆಸರನ್ನು ಒಂದು ಕ್ಷಣವೂ ತಡೆಯದೆ ಹೇಳಿದರು. ಅದು ಆ ಊರಿನ ಗ್ರಾಮದೇವತೆಯ ಹೆಸರು. ಅದನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಮನೆಯವರು ಬರೆಯಬೇಡವೆಂದರು, ನಾನು ಒಪ್ಪಿದೆ. ತಾತ ಐದು ವರ್ಷದವರಾಗುವ ತನಕ ಆ ಮನೆಯಲ್ಲೇ ಬೆಳೆದರೆಂದೂ, ಸೋದರಮಾವನ ಹೆಗಲ ಮೇಲೆ ಕುಳಿತು ಹುಳಿಯಾರು ಸಂತೆಗೆ ಹೋಗುತ್ತಿದ್ದರೆಂದೂ ಆ ದಿನವೇ ತಿಳಿಯಿತು. 1991ರಲ್ಲಿ ತೀರಿಕೊಳ್ಳುವವರೆಗೂ ತಾತ ನಮಗೆ ಇದನ್ನು ಹೇಳಿರಲಿಲ್ಲ.

ಸಾವಿನ ದಿನ ಸಿಕ್ಕಿದ್ದು ಒಂದು ಲೆಕ್ಕದ ಪುಸ್ತಕದಲ್ಲಿ. ಮುತ್ತಜ್ಜಿಯ ತಂದೆ ಸಣ್ಣದಾಗಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವರು. ಖರ್ಚಿನ ಸಾಲುಗಳ ನಡುವೆ ‘ಕಾಳಯುಕ್ತಿ ಸಂ. ಆಶ್ವಯುಜ ಬ. 5 ಗುರುವಾರ, ಮಗಳಿಗೆ ಹಸಿರು ಸೀರೆ 1’ ಎಂದು ಬರೆದು ಮುಂದೆ ಮೂರೂವರೆ ರೂಪಾಯಿ ಹಾಕಿದ್ದರು. ಅದರ ಕೆಳಗೆ ಗಾಡಿ ಬಾಡಿಗೆ. ಸಾವು ಎಂಬ ಪದ ಎಲ್ಲಿಯೂ ಇರಲಿಲ್ಲ. ಮುತ್ತೈದೆ ಸತ್ತರೆ ಮಣ್ಣಿಗಿಡುವ ಮುನ್ನ ತವರಿನ ಸೀರೆ ಹೊದಿಸಬೇಕೆಂಬ ಪದ್ಧತಿ ಗೊತ್ತಿಲ್ಲದವರು ಆ ಸಾಲನ್ನು ಹಬ್ಬದ ಖರ್ಚೆಂದು ಓದಿ ದಾಟಿಬಿಡುತ್ತಿದ್ದರು. ಎಡೆಯ ಹಸಿರು ಸೀರೆ ಈ ಸೀರೆಯ ನೆನಪೇ ಎಂದು ಜೊತೆಗಿದ್ದ ತಮ್ಮ ಕೇಳಿದ. ಇರಬಹುದು, ಆದರೆ ಮುತ್ತೈದೆಗೆ ಹಸಿರು ಸೀರೆ, ಹಸಿರು ಬಳೆ ಕೊಡುವುದು ನಾಡಿನ ತುಂಬ ಇರುವ ರೂಢಿಯಾದ್ದರಿಂದ ನಾನು ಹಾಗೆ ಹೇಳಲು ಹೋಗಲಿಲ್ಲ.

ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಕಾಳಯುಕ್ತಿ 1858ರಲ್ಲಿಯೂ ಬಂದಿತ್ತು, 1978ರಲ್ಲಿಯೂ ಬಂದಿತ್ತು, ನಡುವಿನದು 1918. ತಾತನ ವಯಸ್ಸು ಗೊತ್ತಿದ್ದುದರಿಂದ ಮೊದಲನೆಯದೂ ಕೊನೆಯದೂ ತಾವಾಗಿಯೇ ಬಿದ್ದುಹೋದವು. ತಿಥಿಯೊಂದೇ ಇದ್ದರೆ ಇಂಗ್ಲಿಷ್ ತಾರೀಖು ಒಂದು ದಿನ ಆಚೀಚೆಯಾಗುವ ಸಂಭವವಿರುತ್ತದೆ, ಆದರೆ ಜೊತೆಗೆ ವಾರವನ್ನೂ ಬರೆದಿದ್ದರೆ ತಾಳೆ ನೋಡಬಹುದು. ಆ ವರ್ಷದ ಆಶ್ವಯುಜ ಬಹುಳ ಪಂಚಮಿ 1918ರ ಅಕ್ಟೋಬರ್ 24ಕ್ಕೆ ಬೀಳುತ್ತದೆ, ಅಂದು ಗುರುವಾರವೇ. ಹುಟ್ಟಿದ ವರ್ಷಕ್ಕೆ ಬರಹದ ಆಧಾರ ಸಿಗಲಿಲ್ಲ. ‘ವಿಳಂಬಿಯಲ್ಲಿ ಹುಟ್ಟಿದವಳು, ಬೆಂಗಳೂರಿಗೆ ಪ್ಲೇಗು ಬಂತಲ್ಲ ಆ ವರ್ಷ’ ಎಂದು ಆ ಹಿರಿಯರು ತಮ್ಮ ತಂದೆಯಿಂದ ಕೇಳಿದ್ದರು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ಸಂವತ್ಸರ ವಿಳಂಬಿಯೇ. ಎರಡು ಬೇರೆ ಬೇರೆ ಗುರುತುಗಳು ಒಂದೇ ವರ್ಷವನ್ನು ತೋರಿಸಿದ್ದರಿಂದ ನಂಬಿದೆ. ಹಾಗಾದರೆ ಸಾಯುವಾಗ ಅವಳಿಗೆ ಇಪ್ಪತ್ತು ವರ್ಷ. ನನ್ನ ಮಗಳು ಆಗ ಡಿಗ್ರಿ ಎರಡನೆಯ ವರ್ಷದಲ್ಲಿದ್ದಳು.

ನಮ್ಮ ಮನೆಯಲ್ಲಿ ಅಲ್ಪಸ್ವಲ್ಪ ಗೊತ್ತಿದ್ದವರು ‘ಪ್ಲೇಗಿನಲ್ಲಿ ಹೋದಳು’ ಎನ್ನುತ್ತಿದ್ದರು. ತಾರೀಖು ಕೈಗೆ ಬಂದ ಮೇಲೆ ಆ ಮಾತನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ ಎನ್ನಿಸಿತು. ಪ್ಲೇಗು ಬಂದರೆ ಮೊದಲು ಇಲಿ ಬೀಳುತ್ತದೆ, ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತದೆ, ರೋಗಿಯ ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಡ್ಡೆ ಏಳುತ್ತದೆ. ತವರಿನವರ ನೆನಪಿನಲ್ಲಿ ಇವು ಯಾವುವೂ ಇರಲಿಲ್ಲ. ಅವರ ಮಾತಿನಲ್ಲಿದ್ದದ್ದು ಮೂರು ದಿನದ ಜ್ವರ, ಕೆಮ್ಮು, ಒಂದೇ ವಾರದಲ್ಲಿ ಗಂಡನ ಮನೆಯಲ್ಲಿ ಮೂರು ಹೆಣ, ಹೊರಲು ಆಳು ಸಿಗದೆ ಗಾಡಿಯಲ್ಲಿ ಸಾಗಿಸಿದ್ದು. ಅದು 1918ರ ಇನ್‌ಫ್ಲುಯೆಂಜಾ. ಜೂನ್ ತಿಂಗಳಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಆ ಜ್ವರದ ಮೊದಲ ಅಲೆ ಅಷ್ಟು ಉಗ್ರವಾಗಿರಲಿಲ್ಲ. ಸೆಪ್ಟೆಂಬರಿನ ಎರಡನೆಯ ಅಲೆ ರೈಲುದಾರಿಗಳನ್ನು ಹಿಡಿದು ಒಳನಾಡಿಗೆ ನುಗ್ಗಿತು. ಬೆಂಗಳೂರು ಹರಿಹರ ರೈಲುದಾರಿ ತಿಪಟೂರಿನ ಮೇಲೆಯೇ ಹಾದುಹೋಗುತ್ತದೆ. ಸಾಮಾನ್ಯ ಜ್ವರಗಳು ಮುದುಕರನ್ನೂ ಕೂಸುಗಳನ್ನೂ ಒಯ್ದರೆ ಇದು ಇಪ್ಪತ್ತರಿಂದ ನಲವತ್ತರ ನಡುವಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಒಯ್ದಿತು. ಗರ್ಭಿಣಿಯರೂ ಮನೆಮಂದಿಯ ಆರೈಕೆಗೆ ನಿಂತ ಹೆಂಗಸರೂ ಬಹಳ ಮಂದಿ ಸತ್ತರು. ಅದೇ ವರ್ಷ ಮಳೆಯೂ ಕೈಕೊಟ್ಟು ಕಾಳಿನ ಬೆಲೆ ಏರಿತ್ತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ರಲ್ಲಿದ್ದುದಕ್ಕಿಂತ ಕಡಿಮೆಯಾಗಿತ್ತು. ಆ ಸಂಖ್ಯೆಯನ್ನು ನಾನು ಶಾಲೆಯಲ್ಲಿ ಪಾಠ ಮಾಡುವಾಗ ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಆ ಕಳೆದ ಲೆಕ್ಕದಲ್ಲಿ ನಮ್ಮ ಮನೆಯದೂ ಒಂದು ಜೀವ ಇತ್ತೆಂಬುದು ನಿವೃತ್ತನಾಗುವವರೆಗೂ ತಿಳಿದಿರಲಿಲ್ಲ.

ಇಷ್ಟು ಸಿಕ್ಕ ಮೇಲೆ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಮುತ್ತಜ್ಜಿಯದೊಂದು ಚಿತ್ರ ಮಾಡಿಸಿ ತಾತನ ಫೋಟೋದ ಪಕ್ಕ ತೂಗುಹಾಕಬೇಕೆಂದು ಹುಡುಗರು ಹಟ ಹಿಡಿದರು. ತಾತನ ಮುಖವನ್ನೂ ತವರಿನ ಹೆಂಗಸರ ಮುಖವನ್ನೂ ಬೆರೆಸಿ ಕಂಪ್ಯೂಟರಿನಲ್ಲಿ ಒಂದು ಮುಖವನ್ನು ತೆಗೆದೂ ತೋರಿಸಿದರು. ಚೆಲುವಾದ ಮುಖ, ದೊಡ್ಡ ಕುಂಕುಮ, ಕಣ್ಣಲ್ಲಿ ತಕ್ಕಷ್ಟು ದುಃಖ. ನಾನು ಬೇಡವೆಂದೆ. ಅವಳು ಕಪ್ಪಗಿದ್ದಳೋ ಬೆಳ್ಳಗಿದ್ದಳೋ ಹೇಳುವವರು ಯಾರೂ ಉಳಿದಿಲ್ಲ. ಒಮ್ಮೆ ಗೋಡೆಯ ಮೇಲೆ ಒಂದು ಮುಖ ಕುಳಿತರೆ ಮುಂದಿನ ತಲೆಮಾರಿಗೆ ಅದೇ ನಿಜವಾಗುತ್ತದೆ. ಇದೇ ಕಾರಣಕ್ಕೆ ಅವಳ ಗುಣಗಾನವನ್ನೂ ನಾನು ಎಲ್ಲಿಯೂ ಬರೆದಿಟ್ಟಿಲ್ಲ. ಸಾಧ್ವಿ, ತಾಳ್ಮೆಯ ಮೂರ್ತಿ ಎಂದೆಲ್ಲ ಬರೆಯುವುದು ಸುಲಭ. ತವರಿನವರು ಹೇಳಿದ ಗುಣ ಒಂದೇ: ಅವಳಿಗೆ ಹುಣಸೆಕಾಯಿ ಕಂಡರೆ ತಡೆಯಲಾಗುತ್ತಿರಲಿಲ್ಲ, ಮದುವೆಯಾದ ಮೇಲೂ ತವರಿಗೆ ಬಂದಾಗ ಮರ ಹತ್ತಿ ಬೈಸಿಕೊಳ್ಳುತ್ತಿದ್ದಳು. ಗೋಡೆಗೆ ಆ ಲೆಕ್ಕದ ಪುಟದ ಫೋಟೋವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದೇವೆ. ಬಂದವರು ಯಾವುದೋ ಸಾಲಪತ್ರವೆಂದು ತಿಳಿಯುತ್ತಾರೆ.

2022ರ ಮಹಾಲಯ ಅಮಾವಾಸ್ಯೆಯಂದು ಎಡೆಗೆ ಎಂದಿನ ಕಡುಬು, ಒಬ್ಬಟ್ಟುಗಳ ಜೊತೆ ಹುಣಸೆಹಣ್ಣಿನ ಗೊಜ್ಜು ಸೇರಿತು. ಧೂಪ ಹಾಕುವಾಗ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆಯುವುದು ಮನೆಯ ಹಿರೀಮಗನ ಕೆಲಸ. ಹಸಿರು ಸೀರೆಯ ಮುಂದೆ ಬಂದಾಗ ನಾನು ಹೆಸರು ಹಿಡಿದು ಕರೆದೆ. ಸೋದರತ್ತೆ ಮೊದಲು ಬೆಚ್ಚಿ ನನ್ನ ಕೈ ಹಿಡಿದುಕೊಂಡರು, ಆಮೇಲೆ ಬಿಟ್ಟರು. ಊಟವಾದ ಮೇಲೆ ಆ ಸೀರೆಯನ್ನು ಮನೆಯ ಸೊಸೆಯರಲ್ಲಿ ಒಬ್ಬರು ಉಡುವುದು ರೂಢಿ. ಆ ವರ್ಷ ನನ್ನ ಮಗಳು ತಾನೇ ಉಡುತ್ತೇನೆಂದಳು, ಯಾರೂ ತಡೆಯಲಿಲ್ಲ.

ಮರುವರ್ಷದ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದಾಗ ಈ ಹೆಸರನ್ನು ಬರೆದುಕೊಳ್ಳಿರೆಂದು ಕೇಳಿದೆ. ಅವರು ಪುಸ್ತಕ ಬಿಚ್ಚಿ ಪೆನ್ನನ್ನು ಹಿಡಿದುಕೊಂಡೇ ಬಹಳ ಹೊತ್ತು ಯೋಚಿಸಿದರು, ಏಕೆಂದರೆ ಸಾಲುಗಳೆಲ್ಲ ತಂದೆಯಿಂದ ಮಗನಿಗೆ ಇಳಿಯುವಂತೆ ಒತ್ತಾಗಿ ಬರೆದವು, ನಡುವೆ ಜಾಗವಿರಲಿಲ್ಲ. ಕೊನೆಗೆ ಪುಸ್ತಕವನ್ನು ಅಡ್ಡಲಾಗಿ ತಿರುಗಿಸಿ, ಅಂಚಿನಲ್ಲಿ ಅವಳ ಹೆಸರನ್ನು ಬರೆದು, ಅಲ್ಲಿಂದ ತಾತನ ಹೆಸರಿನವರೆಗೆ ಒಂದು ಗೆರೆ ಎಳೆದರು. ಒಂದು ಮೊರ ರಾಗಿ, ಒಂದು ಪಂಚೆ, ಐನೂರು ರೂಪಾಯಿ ಪಡೆದು, ಬೈಕು ಹತ್ತುವ ಮುನ್ನ ಆ ಹೆಸರನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡು ಹೋದರು.